ಎಕಂಬಾದ ಕಣದಲ್ಲಿ ಆಡಬಾರದ ಮಾತು

ಸಂಕ್ರಾಂತಿ ಮುಗಿದ ವಾರ. ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಕಂಡಕ್ಟರ್ ನನಗೂ ನನ್ನ ಅಕ್ಕನ ಮಗಳು ಸರಳಾಗೂ ಭಾಲ್ಕಿಗೆ ಸೊನ್ನೆ ರೂಪಾಯಿಯ ಎರಡು ಟಿಕೆಟು ಹರಿದುಕೊಟ್ಟ. ಹೆಂಗಸರಿಗೆ ಫ್ರೀ ಆದಂದಿನಿಂದ ಈ ಕಿಟಕಿ ಪಕ್ಕದ ಸೀಟು ನನ್ನ ಪಾಲಿಗೊಂದು ಸಣ್ಣ ಲಕ್ಷುರಿ. ಆದರೆ ಆ ಬೆಳಿಗ್ಗೆ ಸರಳಾ ಆಧಾರ್ ಕಾರ್ಡನ್ನು ಪರ್ಸಿಗೆ ಹಾಕುವುದನ್ನೂ ಮರೆತು, ಕೈಯಲ್ಲೇ ಹಿಡಿದು ಕೂತಿದ್ದಳು. ಅವಳ ಮುಖ ನೋಡಿ ನನಗೂ ಕಿಟಕಿ ಬೇಡವಾಯಿತು.

ಸರಳಾಳದು ಬೀದರಿನ ಪಕ್ಕದ ಕೊಳಾರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ದಾಲ್ ಮಿಲ್. ನಾನು ಟೀಚರ್ ಕೆಲಸದಿಂದ ರಿಟೈರ್ ಆದಾಗ ಕೈಗೆ ಬಂದದ್ದರಲ್ಲಿ ಒಂದು ಪಾಲು ಅದರೊಳಗಿದೆ. ನನ್ನಂಥವರಿಗೆ ಸ್ಲೀಪಿಂಗ್ ಪಾರ್ಟ್‌ನರ್ ಅನ್ನುತ್ತಾರೆ. ಆ ವಾರವಿಡೀ ಈ ಪಾರ್ಟ್‌ನರಿಗೆ ನಿದ್ದೆಯೇ ಇರಲಿಲ್ಲ.

ತೊಗರಿಯ ವ್ಯಾಪಾರದ ಕಷ್ಟವೇ ವಿಚಿತ್ರ. ರೈತ ಮಾಲು ತೂಗಿದ ದಿನವೇ ರೊಕ್ಕ ಕೇಳುತ್ತಾನೆ, ಅದು ನ್ಯಾಯ. ಬೇಳೆ ಕೊಳ್ಳುವ ಹೈದರಾಬಾದಿನ ದೊಡ್ಡ ಅಂಗಡಿಯವರು ಎರಡು ತಿಂಗಳು ಬಿಟ್ಟು ಕೊಡುತ್ತಾರೆ, ಅದು ಅವರ ಸ್ಟೈಲ್. ನಡುವಿನ ಆ ಎರಡು ತಿಂಗಳು ಗಿರಣಿ ಉಸಿರು ಬಿಗಿಹಿಡಿದಿರಬೇಕು. ಹಿಂದೆಲ್ಲ ಆ ಕಂದಕವನ್ನು ಅಡತ್ಯಾಗಳು, ಅಂದರೆ ನಡುವಿನ ದಲ್ಲಾಳಿ ಸಾಹುಕಾರರು, ತುಂಬುತ್ತಿದ್ದರು: ರೈತನಿಗೆ ಕಡಿಮೆ ದರ, ಗಿರಣಿಗೆ ಹೆಚ್ಚು ದರ. ಈ ವರ್ಷ ಸರಳಾ ಒಂದು ಫೈನಾನ್ಸ್ ಕಂಪನಿಯ ಜೊತೆ ಹೊಸ ವ್ಯವಸ್ಥೆ ಮಾಡಿಕೊಂಡಳು. ಮಾಲು ತೂಗಿದ ಕೂಡಲೇ ಕಂಪನಿ ಸೀದಾ ರೈತನ ಖಾತೆಗೆ ರೊಕ್ಕ ಹಾಕುತ್ತದೆ. ಹೈದರಾಬಾದಿನ ರೊಕ್ಕ ಬಂದಾಗ ಸರಳಾ ಬಡ್ಡಿ ಸಮೇತ ಕಂಪನಿಗೆ ಕಟ್ಟುತ್ತಾಳೆ. ವರ್ಕಿಂಗ್ ಕ್ಯಾಪಿಟಲ್ ಅಂದರೆ ಇಷ್ಟೇ ನೋಡಿ, ದುಡಿಯುತ್ತಲೇ ಇರಬೇಕಾದ ರೊಕ್ಕ. ರೈತನಿಗೆ ಒಳ್ಳೆಯ ದರ, ಗಿರಣಿಗೆ ಖಾತ್ರಿ ಮಾಲು. ಪೇಪರ್ ಮೇಲೆ ಬ್ಯೂಟಿಫುಲ್.

ಭಾಲ್ಕಿ ತಾಲೂಕಿನ ಭಾತಂಬ್ರಾದಿಂದ ಮೊದಲ ಲಾಟು ಬಂತು, ಅವರ ಖಾತೆಗೆ ರೊಕ್ಕವೂ ಹೋಯಿತು. ಎರಡನೆಯ ಲಾಟಿಗೆ ಲಾರಿ ಕಳಿಸಿದರೆ, ‘ಕೊಡಂಗಿಲ್ಲ’ ಅಂದರು. ಫೋನಿನಲ್ಲಿ ಕಾರಣವನ್ನೂ ಹೇಳಲಿಲ್ಲ. ಹೈದರಾಬಾದಿನವರು ಶನಿವಾರದೊಳಗೆ ಬೇಳೆ ಕೇಳಿದ್ದರು. ಆ ಆರ್ಡರ್ ತಪ್ಪಿದರೆ ಅದರ ಮೇಲೆಯೇ ನಿಂತಿದ್ದ ಫೈನಾನ್ಸೂ ನಿಲ್ಲುತ್ತದೆ, ಗಿರಣಿಗೆ ಬೀಗ.

ಭಾಲ್ಕಿ ನಲವತ್ತು ಕಿಲೋಮೀಟರಿನ ಆಸುಪಾಸು. ಸ್ಟ್ಯಾಂಡಿನ ಎದುರು ಚಹಾ ಕುಡಿದು, ಒಂದು ಪ್ಲೇಟ್ ಮಿರ್ಚಿ ಭಜಿ ತೆಗೆದುಕೊಂಡೆವು. ಸರಳಾ ಒಂದನ್ನು ಮುರಿದು ಹಾಗೇ ಬಿಟ್ಟಳು. ಅಲ್ಲಿಂದ ಭಾತಂಬ್ರಾಕ್ಕೆ ಟಂಟಂ ಆಟೊ, ತಲೆಗೆ ಮೂವತ್ತು ರೂಪಾಯಿ. ಊರ ಬಾಗಿಲಲ್ಲೇ ನಮ್ಮ ಲಾರಿ ಖಾಲಿ ನಿಂತಿತ್ತು. ಡ್ರೈವರ್ ಮಸ್ತಾನ್ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು, “ರಾತ್ರಿಯಿಂದ ಇಲ್ಲೇ ಇದೀನ್ರಿ. ಚಹಾ ಕೊಡ್ತಾರ, ಚೀಲ ಕೊಡಲ್ಲ,” ಅಂದ.

ಶಿವರಾಜಪ್ಪ ಅಲ್ಲಿನ ರೈತರ ಪೈಕಿ ಹಿರಿಯ. ಕಟ್ಟೆಯ ಮೇಲೆ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ತರಿಸಿಟ್ಟರು.

“ಕುಂಡ್ರಿ ಅಕ್ಕೋರ. ನೀರ್ ಕುಡೀರಿ. ಮಾಲಿನ ಮಾತ ಮಾತ್ರ ಬ್ಯಾಡ್ರಿ.”

“ಯಾಕ್ರಿ ಕಾಕಾ? ರೊಕ್ಕ ಬಂದಿಲ್ಲೇನ್ರಿ?” ಎಂದಳು ಸರಳಾ.

“ಬಂದದ್ರಿ. ಅದೇ ಫಿಕರ್, ಅದೇ ಚಿಂತಿ ಆಗ್ಯಾದ. ಹ್ಯಾಂಗ ಬಂತೋ ಹಂಗೇ ಅದ, ಒಂದ್ ರೂಪಾಯಿ ಮುಟ್ಟಿಲ್ಲ. ವಾಪಸ್ ತೊಗೊಂಡ್ ಬಿಡ್ರಿ.”

ನಾನು ಸರಳಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಶಿವರಾಜಪ್ಪ ಅಂಗಿಯ ಜೇಬಿನಿಂದ ಮೊಬೈಲ್ ತೆಗೆದು, ಅದು ಕಚ್ಚುತ್ತದೇನೋ ಎಂಬಂತೆ ತುದಿಬೆರಳಲ್ಲಿ ಹಿಡಿದು ನನಗೆ ಕೊಟ್ಟರು. ಇಂಗ್ಲಿಷ್ ಮೆಸೇಜು. ಮೊದಲ ಪದವೇ ‘ಲೋನ್’. ಲೋನ್ ಡಿಸ್ಬರ್ಸ್ಡ್ ಆನ್ ಬಿಹಾಫ್ ಆಫ್, ಆಮೇಲೆ ನಮ್ಮ ಗಿರಣಿಯ ಹೆಸರು.

ಶಿವರಾಜಪ್ಪ ಬಿಡಿಸಿ ಹೇಳಿದಾಗ ಎಲ್ಲ ತಿಳಿಯಿತು. ಹಿಂದೊಮ್ಮೆ ಈ ಸೀಮೆಗೆ ಯಾರೋ ಬಂದು, ಬೋರು ಹಾಕಿಸಿಕೊಡುತ್ತೇವೆಂದು ಹೆಬ್ಬೆಟ್ಟು ಒತ್ತಿಸಿಕೊಂಡು, ಇವರ ಹೆಸರಲ್ಲಿ ಸಾಲ ಎತ್ತಿಕೊಂಡು ಹೋಗಿದ್ದರಂತೆ. ಬೋರು ಬರಲಿಲ್ಲ, ನೋಟೀಸು ಬಂತು. ಅಂಥವರ ಮೊಬೈಲಿಗೆ ಲೋನ್ ಅನ್ನುವ ಪದ ಬಂದರೆ?

ಹೈದರಾಬಾದಿನ ನಮ್ಮ ಕಾನ್ವೆಂಟಿನಲ್ಲಿ ಗ್ರಾಮರ್ ಕಲಿಸುತ್ತಿದ್ದ ಸಿಸ್ಟರ್, ಸಣ್ಣ ಪದಗಳೇ ದೊಡ್ಡ ಜಗಳ ತರುತ್ತವೆ, ಗರ್ಲ್ಸ್, ಅನ್ನುತ್ತಿದ್ದರು. ಪುಣ್ಯಾತ್ಮೆ. ನಾನು ಕನ್ನಡಕ ಏರಿಸಿ, ಕ್ಲಾಸಿನಲ್ಲಿ ನಿಂತವಳ ಹಾಗೆ ಶುರುಮಾಡಿದೆ: “ನೋಡ್ರಿ ಶಿವರಾಜಪ್ಪ, ಆನ್ ಬಿಹಾಫ್ ಆಫ್ ಅಂದ್ರ ಪರವಾಗಿ. ಸರಳಾನ ಪರವಾಗಿ ಸಾಲ ಹಾಕ್ಯಾರ, ಅಷ್ಟೇ.”

“ನಾವೂ ಅದೇ ಹೇಳ್ಲತ್ತೇವಲ್ರಿ ಟೀಚರಮ್ಮ,” ಎಂದರು ಅವರು. “ಆಕಿ ಪರವಾಗಿ ಸಾಲ ನಮಗ ಹಾಕ್ಯಾರ.”

ಸುತ್ತ ಕೂತವರು ತಲೆಯಾಡಿಸಿದರು. ಟೀಚರಮ್ಮನೇ ಒಪ್ಪಿಕೊಂಡ ಮೇಲೆ ಇನ್ನೇನು!

“ಎಕಂಬಾದ ನಮ್ ಬೀಗರಿಗೂ ಮಾಲ್ ಕೊಡಬ್ಯಾಡ್ರಿ ಅಂತ ಫೋನ್ ಹಚ್ಚಿ ಹೇಳೇನಿ,” ಶಿವರಾಜಪ್ಪ ಮೆಲ್ಲಗೆ ಅಂದರು. “ತಪ್ಪ ತಿಳೀಬ್ಯಾಡ್ರಿ ಅಕ್ಕೋರ. ಔರಾದದ ಅಡತ್ಯಾ ಇವತ್ತ ಅವರ ಕಣಕ್ಕ ಗಾಡಿ ತರ್ತಾನಂತ. ನಗದಿ ರೊಕ್ಕ.”

ಸರಳಾ ಚಾಪೆಯಿಂದ ಎದ್ದೇಬಿಟ್ಟಳು. ಔರಾದ ತಾಲೂಕಿನ ಎಕಂಬಾದಲ್ಲೇ ಆ ವಾರದ ದೊಡ್ಡ ರಾಶಿ ಇದ್ದದ್ದು. ಅದೂ ಹೋದರೆ ಲಾರಿ ಖಾಲಿ ಬೀದರಿಗೆ ಹೋಗುವುದೊಂದೇ.

ಲಾರಿಯ ಕ್ಯಾಬಿನ್ ಹತ್ತಲು ಮಸ್ತಾನ್ ನನಗೆ ಒಂದು ಸ್ಟೂಲು ತಂದ. ರಸ್ತೆಯ ಎರಡೂ ಬದಿ ಕಟಾವಾದ ತೊಗರಿಯ ಕೂಳೆ, ನಡುನಡುವೆ ಹಸಿರು ಕಡಲೆ. ಇನ್ನೊಂದು ದಿನವಾಗಿದ್ದರೆ ಲಾರಿ ನಿಲ್ಲಿಸಿ ಹಸಿ ಕಡಲೆಯ ಸುಲಗಾಯಿ ಕೇಳುತ್ತಿದ್ದೆ. ತಗ್ಗು ಬಂದಾಗಲೆಲ್ಲ ಮಸ್ತಾನ್ “ಅಮ್ಮಾ, ಗಟ್ಟಿ ಹಿಡ್ಕೋರಿ” ಅನ್ನುತ್ತಿದ್ದ. ತಗ್ಗು ದಾಟಿದ ಮೇಲೆ.

“ಸರಳಾ, ಸಿಂಪಲ್ಲಾಗಿ ಹೇಳಿಬಿಡು,” ಅಂದೆ. “ಇದು ನನ್ನ ಸಾಲ, ನಿಮ್ಮದಲ್ಲ ಅಂತ.”

“ಮೌಶಿ, ನಿನಗ ಬಜಾರ ಗೊತ್ತಿಲ್ಲ.” ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಇಲ್ಲಿ ವ್ಯಾಪಾರಸ್ಥ ಮಾಲ್ ತೊಗೊಳ್ಳಾಕ ಸಾಲ ಮಾಡೇನಿ ಅಂದ್ರ ಮುಗೀತು. ದಿವಾಳಿ ಎದ್ದ ಅಂತಾರ. ಚೀಲದಾಂವ, ಹಮಾಲರು, ಎಲ್ಲಾರೂ ಹೆಸರ ನೋಡಿ ಉದ್ರಿ ಕೊಡ್ತಾರ. ಅದಕ್ಕೇ ನಾನು ಲಿಮಿಟ್ ಅಂತೇನಿ, ಫೆಸಿಲಿಟಿ ಅಂತೇನಿ. ಆ ಮಾತ ಮಾತ್ರ ಅಂದಿಲ್ಲ, ಅನ್ನಂಗಿಲ್ಲ.”

ಔರಾದದಲ್ಲಿ ನಿಲ್ಲಲಿಲ್ಲ. ಎಕಂಬಾ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೆಳಗಿನ ಶಾಲು ಮಡಿಲಲ್ಲಿ ಬೆವರು ಹಿಡಿದಿತ್ತು. ಊರ ಹೊರಗಿನ ಕಣದ ಪಕ್ಕ ಆಗಲೇ ಒಂದು ಲಾರಿ. ಅದರ ನೆರಳಲ್ಲಿ ಬಿಳಿ ಧೋತರ, ಕರಿ ಟೊಪ್ಪಿಗೆಯ ಅಡತ್ಯಾ ಹಲ್ಲಲ್ಲಿ ಕಡ್ಡಿಯಾಡಿಸುತ್ತ ಕೂತಿದ್ದ.

“ಬಾ ತಂಗಿ, ಬಾ! ಲಾರ್ಯಾಗ ಬಂದಿ. ಕಾರ್ ಮಾರಿದಿ ಏನು?”

“ಕಾರ್ ಬೀದರದಾಗ ಅದ ಅಣ್ಣಾ,” ಎಂದಳು ಸರಳಾ. “ಚೀಲ ಹೊರಾಕ ಲಾರಿನೇ ಬೇಕಲ್ಲ.”

ಕಣದಲ್ಲಿ ನಾಲ್ಕು ರಾಶಿ. ದೊಡ್ಡದು ಮಾಳಪ್ಪನದು. ಕುರಿ ಸಾಕುವ ಮನೆತನ, ಹೆಗಲ ಮೇಲೆ ಕಂಬಳಿ. ಅವನ ತಾಯಿ ನೀಲವ್ವ ರಾಶಿಯ ಬುಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನನ್ನದೇ ವಯಸ್ಸು, ಆದರೆ ನನ್ನಂಥ ನಾಲ್ವರನ್ನು ಎತ್ತಿ ಇಡಬಲ್ಲ ಗಟ್ಟಿ ಜೀವ. ನಾವು ಚಪ್ಪಲಿ ಬಿಟ್ಟು ಕಣದೊಳಗೆ ಹೋದೆವು.

“ಮಾಳಪ್ಪ, ಇದು ಲಿಮಿಟ್ ಅದ,” ಸರಳಾ ಶುರುಮಾಡಿದಳು. “ಕಂಪನಿಯವರ ಒಂದು ಫೆಸಿಲಿಟಿ. ನಿಮಗೇನೂ ತ್ರಾಸ ಇಲ್ಲ.”

“ತ್ರಾಸ ಇಲ್ಲಂದ್ರ ಭಾತಂಬ್ರಾದ ನಮ್ಮ ಬೀಗರ ನಂಬರಿಗಿ ಯಾಕ ಬಂತ್ರಿ ಆ ಮೆಸೇಜ? ನಿಮ್ದ ಆಗಿದ್ರ ನಿಮ್ಮ ನಂಬರಿಗಿ ಬರಬೇಕಿತ್ತ.”

“ಫೆಸಿಲಿಟಿ ಅಂತ, ಲಿಮಿಟ್ ಅಂತ!” ಅಡತ್ಯಾ ಲಾರಿಯ ನೆರಳಿನಿಂದಲೇ ಕೂಗಿದ. “ನಮ್ಮಪ್ಪ ಇದ್ದಾಗ ಅದಕ್ಕ ಒಂದ ಹೆಸರಿತ್ತು. ಕೇಳ್ ಮಾಳಪ್ಪ, ಏನಂತಾರಂತ ಕೇಳ್ ಆಕಿನ್ನ!”

ಸರಳಾ ಬಾಯಿ ತೆರೆಯುತ್ತಿದ್ದಂತೆ ನೀಲವ್ವ ಕೈ ಅಡ್ಡ ಹಿಡಿದಳು.

“ಇಲ್ಲಿ ಬ್ಯಾಡ ಮಗಳ. ರಾಶಿ ಮುಂದ ಆ ಮಾತ ಆಡಬಾರ್ದ, ಲಕ್ಷ್ಮಿ ಕೇಳಸ್ಕೋತಾಳ. ಹೊರಗ ಬಾ. ಹೊರಗ ನಿಂತ ಹೇಳ, ಯಾರದ ಅಂತ.”

ಕಣದ ಹೊರಗೆ ಅಂದರೆ ರಸ್ತೆ. ರಸ್ತೆಯೆಂದರೆ ಅಡತ್ಯಾನ ಲಾರಿ, ಅವನ ಹಮಾಲರು, ಔರಾದದಿಂದ ಅವನ ಜೊತೆ ಬಂದ ಇಬ್ಬರು ವ್ಯಾಪಾರಸ್ಥರು. ನೀಲವ್ವ ಸರಳಾಳ ಮೊಣಕೈ ಹಿಡಿದು ನಡೆಸಿಕೊಂಡು ಹೋಗಿ, ಬರಿಗಾಲಲ್ಲೇ ಅವರೆಲ್ಲರ ನಡುವೆ ನಿಲ್ಲಿಸಿದಳು. ನನಗೆ ಓಡಿಹೋಗಿ ನಡುವೆ ನಿಲ್ಲಬೇಕೆನಿಸಿತು.

ಸರಳಾ ಮೊದಲು ಅಡತ್ಯಾನ ಕಡೆ ನೋಡಿದಳು. ಆಮೇಲೆ ನೀಲವ್ವನ ಕಡೆ ತಿರುಗಿದಳು.

“ಸಾಲ ನಂದು ಅವ್ವಾ. ನಿಮ್ಮ ತೊಗರಿ ತೊಗೊಳ್ಳಾಕ ನಾ ಸಾಲ ಮಾಡೇನಿ. ಕಂಪನಿಯವರು ನನ್ನ ಬದಲಿಗಿ ನಿಮಗ ರೊಕ್ಕ ಕೊಡ್ತಾರ. ತೀರಸಾಕಿ ನಾನು. ತೀರಸದಿದ್ರ ಗಿರಣಿ ನಂದ ಹೋಗ್ತದ, ನಿಮ್ದ ಒಂದ್ ಕುರಿ ಹೋಗಂಗಿಲ್ಲ.”

ಅಡತ್ಯಾ ಕಡ್ಡಿಯನ್ನು ಉಗುಳಿದ. “ಕೇಳಿದ್ರೇನಪ್ಪಾ? ಕೊಳಾರದ ಗಿರಣಿ ಸಾಲದ ಮ್ಯಾಲ ತಿರಗಲತ್ತದ!” ಅವನ ಜೊತೆಯವರಲ್ಲೊಬ್ಬ ಆಗಲೇ ಫೋನ್ ಕಿವಿಗೆ ಹಚ್ಚಿ ಅತ್ತ ನಡೆದಿದ್ದ.

ನೀಲವ್ವ ಅದ್ಯಾವುದಕ್ಕೂ ಗಮನ ಕೊಡಲಿಲ್ಲ. “ಇಷ್ಟ ಹೇಳಾಕ ಇಷ್ಟ ಹೊತ್ತ ಮಾಡಿದಿ?” ಅಂದವಳೇ ಕಣಕ್ಕೆ ಮರಳಿದಳು. “ಮಾಳ್ಯಾ, ಚೀಲ ತಾ.”

ಮಾಳಪ್ಪ ಮೊದಲ ಚೀಲ ತೂಗಿ “ಲಾಭ” ಅಂದ. ಇವರ ಎಣಿಕೆ ಒಂದರಿಂದ ಶುರುವಾಗುವುದಿಲ್ಲ, ಲಾಭದಿಂದ ಶುರುವಾಗುತ್ತದೆ. ಆಮೇಲೆ ಎರಡು, ಮೂರು. ಪಕ್ಕದ ರಾಶಿಯ ಇಬ್ಬರು ಸ್ವಲ್ಪ ಹೊತ್ತು ನೋಡಿ, ತಾವೂ ಚೀಲ ಬಿಚ್ಚಿದರು. ನಾಲ್ಕನೆಯವನು ಮಾತ್ರ ಅಡತ್ಯಾನ ಲಾರಿಯ ಹತ್ತಿರ ಹೋಗಿ ನಿಂತ. ಅವನನ್ನು ಯಾರೂ ಕರೆಯಲಿಲ್ಲ.

ತೂಕ ಮುಗಿದು ಸರಳಾ ಕಂಪನಿಗೆ ಲೆಕ್ಕ ಕಳಿಸಿದಳು. ಸಿಗ್ನಲ್ ಬರುತ್ತದೆ, ಹೋಗುತ್ತದೆ. ನೀಲವ್ವ ನನಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ ಪಲ್ಯ ಕೊಟ್ಟಳು. ರುಚಿ ಹೇಗಿತ್ತೋ ನೆನಪಿಲ್ಲ, ಕಿವಿಯೆಲ್ಲ ಮಾಳಪ್ಪನ ಜೇಬಿನ ಮೇಲಿತ್ತು. ಕೊನೆಗೆ ಅದು ಸದ್ದು ಮಾಡಿತು. ಕಣದಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ನಿಂತರು. ಮಾಳಪ್ಪ ಮೊಬೈಲನ್ನು ನನ್ನ ಕೈಗಿತ್ತ.

“ಓದ್ರಿ ಅಮ್ಮೋರ. ಅದೇ ಮಾತ ಅದೇನು?”

ಸುಳ್ಳು ಹೇಳುವ ಆಸೆ ಒಂದು ಕ್ಷಣ ಬಂತು. “ಅದೇ ಅದಪ್ಪಾ,” ಅಂದೆ. “ಮೊದಲನೆಯ ಪದವೇ ಅದು.”

ಅವನು ಮೊಬೈಲ್ ತೆಗೆದುಕೊಂಡು ನೋಡಿದ. ತಾಯಿಯ ಕಡೆ ನೋಡಿದ. ಆಕೆ ಕೇರುವ ಮೊರ ಕೆಳಗಿಟ್ಟು, “ಆಕಿದು ಅಂತ ಹೇಳ್ಯಾಳಲ್ಲ, ಮತ್ತೇನು?” ಅಂದಳು. ಅವನು ಮೊಬೈಲ್ ಜೇಬಿಗಿಳಿಸಿ, ಹಮಾಲರಿಗೆ “ಹೇರ್ರೋ!” ಎಂದು ಕೂಗಿದ.

ಲಾರಿ ಮುಕ್ಕಾಲು ತುಂಬಿತು. ಗಿರಣಿಯಲ್ಲಿದ್ದ ಮಾಲು ಸೇರಿಸಿದರೆ ಹೈದರಾಬಾದಿಗೆ ಸಾಕು ಎಂದು ಸರಳಾ ಬೆರಳಲ್ಲಿ ಲೆಕ್ಕ ಹಾಕಿದಳು. ಮಸ್ತಾನ್ ತಾಡಪಾಲು ಬಿಗಿದ.

ಇಳಿಬಿಸಿಲಲ್ಲಿ ಔರಾದ ಮುಟ್ಟಿ ಡೀಸೆಲ್ ಬಂಕಿನಲ್ಲಿ ನಿಂತೆವು. ಬಂಕಿನವನು ಸರಳಾಳ ವರ್ಷಗಳ ಪರಿಚಯದವನು, ಯಾವಾಗಲೂ ಉದ್ರಿ ಬರೆದುಕೊಳ್ಳುವವನು. ಅವನು ಪೈಪು ಕೈಯಲ್ಲಿ ಹಿಡಿದು ಬಂದ, ಆದರೆ ಟ್ಯಾಂಕಿನ ಮುಚ್ಚಳ ಮುಟ್ಟಲಿಲ್ಲ.

“ಅಕ್ಕೋರ, ಇವತ್ತ ರೊಕ್ಕ ಮೊದ್ಲ ಕೊಡ್ರಿ.”

“ಏನೋ ಮಾತಾಡ್ತೀ ನೀ!” ಮಸ್ತಾನ್ ಸೀಟಿನಿಂದ ಜಿಗಿದ. “ಯಾರ ಗಾಡಿ ಅಂತ ಗೊತ್ತಿಲ್ಲೇನು?”

“ಇರ್ಲಿ ಮಸ್ತಾನ್‌ಭಾಯ್. ಅವ ಕೇಳೋದು ಬರೋಬ್ಬರಿ ಅದ.” ಸರಳಾ ಪರ್ಸು ತೆಗೆದಳು. ಅದರಲ್ಲಿದ್ದದ್ದು ಸಾಲಲಿಲ್ಲ. ನಾನು ನನ್ನದನ್ನು ತೆರೆದು ಅವಳ ಕೈಗೆ ಸುರಿದೆ. ಎರಡೂ ಸೇರಿ ಕೊಳಾರ ಮುಟ್ಟುವಷ್ಟು ಡೀಸೆಲ್ ಆಯಿತು. ಆ ಸಂಜೆಯೊಂದೇ ಅಲ್ಲ, ಇನ್ನು ಈ ದಾರಿಯಲ್ಲಿ ಎಲ್ಲರೂ ಹೀಗೇ ಕೇಳುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವನು ದುಡ್ಡು ತೆಗೆದುಕೊಂಡು, ತುಸು ನಾಚಿಕೆಯಿಂದ, ದನಿ ತಗ್ಗಿಸಿ ಕೇಳಿದ: “ಖರೇನ್ರಿ ಅಕ್ಕೋರ? ಸಾಲ ಮಾಡೀರಂತ?”

“ಖರೇ ಅದ. ತೊಗರಿಗಂತ ಮಾಡೇನಿ. ಹಿಂದ ಅದ ನೋಡ್ರಿ.”

ಅವನು ನಿಜವಾಗಿಯೂ ಹಿಂದೆ ಹೋದ. ತಾಡಪಾಲಿನ ಮೇಲೆ ಕೈಯಿಟ್ಟು ಅಲ್ಲಲ್ಲಿ ಒತ್ತಿ ನೋಡಿದ. ಎಮ್ಮೆ ಕೊಳ್ಳುವವನು ಬೆನ್ನು ಮುಟ್ಟಿ ನೋಡುವ ಹಾಗೆ. ಮರಳಿ ಬಂದು ಡೀಸೆಲ್ ಹಾಕಿದ.

ಲಾರಿ ಬೀದರ್ ರಸ್ತೆಗೆ ತಿರುಗುವಾಗ ನಾನು ಬದಿಯ ಕನ್ನಡಿಯಲ್ಲಿ ಇಣುಕಿದೆ. ಬಂಕಿನವನು ಪಕ್ಕದ ಪಂಕ್ಚರ್ ಅಂಗಡಿಯವನನ್ನು ಹೊರಗೆ ಕರೆದು, ನಮ್ಮ ಲಾರಿಯ ಕಡೆ ಕೈ ಮಾಡಿ ಏನೋ ಹೇಳುತ್ತಿದ್ದ. ಸಾಲದ ಸುದ್ದಿಯೋ, ತೊಗರಿಯ ಸುದ್ದಿಯೋ, ತುಟಿ ನೋಡಿದರೆ ತಿಳಿಯಲಿಲ್ಲ. ಸರಳಾ ಹಿಂತಿರುಗಿ ನೋಡಲಿಲ್ಲ.