ಬೀಗರ ಬಾಗಿಲ ಮುಂದಿನ ಮೆರವಣಿಗೆ

ಯಲಬುರ್ಗಾದಲ್ಲಿ ನನ್ನ ತವರಿಗೂ ಗಂಡನ ಮನೆಗೂ ನಡುವೆ ಎರಡೇ ಓಣಿ. ಅಷ್ಟು ಹತ್ತಿರ ಕೊಡಬಾರದಿತ್ತು ಎಂದು ನನಗೆ ಅನಿಸಿದ್ದು ವಿಧಾನಸಭೆ ಫಲಿತಾಂಶದ ದಿನ. ಅಪ್ಪ ಒಂದು ಪಕ್ಷ, ಗಂಡ ಇನ್ನೊಂದು. ನಾನು ಚೊಚ್ಚಲ ಬಸುರಿ. ಮರುದಿನ ಬೆಳಿಗ್ಗೆ ಅಪ್ಪ ಬಂದು ನನ್ನನ್ನು ಬಾಣಂತನಕ್ಕೆ ಕರೆದೊಯ್ಯುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು.

ಕೊಪ್ಪಳದಲ್ಲಿ ಎಣಿಕೆ ಶುರುವಾಯಿತು. ಮೊದಲ ಸುತ್ತುಗಳಲ್ಲಿ ಅಪ್ಪನ ಅಭ್ಯರ್ಥಿ ಮುಂದಿದ್ದ. ಅಪ್ಪನಿಗೆ ತಡೆಯಲಾಗಲಿಲ್ಲ, ನಮ್ಮ ಮನೆಗೆ ಒಂದು ಡಬ್ಬಿ ಪೇಢೆ ಕಳಿಸಿಯೇಬಿಟ್ಟ. "ಅಳಿಯಾರು ಬಾಯಿ ಸಿಹಿ ಮಾಡ್ಕೊಳ್ಳಿ" ಎಂಬ ಮಾತು ಬೇರೆ. ಗಂಡ ಡಬ್ಬಿ ಮುಟ್ಟದೆ ಟಿವಿ ಮುಂದೆ ಹಲ್ಲು ಕಚ್ಚಿ ಕೂತ. ಅರ್ಧ ಎಣಿಕೆ ಬಾಕಿ ಇರುವಾಗ ಪೇಢೆ ಹಂಚುವ ಅವಸರ ಯಾಕೆ ಬೇಕಿತ್ತು ಆ ಮನುಷ್ಯನಿಗೆ?

ಮಧ್ಯಾಹ್ನದ ಹೊತ್ತಿಗೆ ಎಲ್ಲ ತಿರುವುಮುರುವಾಗಿ ಗಂಡನ ಕಡೆಯವರು ಗೆದ್ದರು. ಸಂಜೆ ಮೆರವಣಿಗೆ. ನಮ್ಮಲ್ಲಿ ಸೋತವರ ಬಾಗಿಲ ಮುಂದೆ ಸ್ವಲ್ಪ ಹೆಚ್ಚೇ ಕುಣಿಯುತ್ತಾರೆ. ನಾನು ನಮ್ಮ ಮಾಳಿಗೆ ಮೇಲೆ ನಿಂತಿದ್ದೆ, ಅಲ್ಲಿಂದ ಅಪ್ಪನ ಮನೆ ಬಾಗಿಲು ಕಾಣುತ್ತಿತ್ತು. ಹಲಗೆ ಬಾರಿಸುವವರು ಅಪ್ಪನ ಮನೆ ಮುಂದೆ ನಿಂತರು. ತಲೆತುಂಬ ಗುಲಾಲು ಹಾಕಿಕೊಂಡು ಎಲ್ಲರಿಗಿಂತ ಮುಂದೆ ಕುಣಿದವನು ನನ್ನ ಗಂಡ. ಕಟ್ಟೆಯ ಮೇಲೇ ಪಟಾಕಿ ಹಚ್ಚಿದರು. ಅವ್ವ ಒಳಗಿನಿಂದ ಕಿಟಕಿ ಮುಚ್ಚಿದಳು. ಪಕ್ಕದ ಮಾಳಿಗೆಯ ಹೆಂಗಸರು ಮೆರವಣಿಗೆ ಬಿಟ್ಟು ನನ್ನನ್ನೇ ನೋಡತೊಡಗಿದರು. ನಾಚಿಕೆಯಿಂದ ಹಿಡಿಯಷ್ಟಾಗಿಬಿಟ್ಟೆ.

ಕೆಳಗಿಳಿದು ಅತ್ತೆಗೆ ಹೇಳಿದರೆ, "ಪೇಢೆ ಮೊದ್ಲು ಕಳಿಸಿದ್ದು ಯಾರವ್ವಾ?" ಎಂದರು. ನಾಳೆ ಅಪ್ಪ ಬರುತ್ತಾನೋ ಇಲ್ಲವೋ ಎಂಬುದೊಂದೇ ನನಗೆ ಹತ್ತಿದ ಚಿಂತೆ. ಬರದಿದ್ದರೆ ತಪ್ಪು ಎನ್ನುವ ಬಾಯಿ ನನಗಿರಲಿಲ್ಲ.

ಬೆಳಿಗ್ಗೆ ಅಪ್ಪ ಬಂದ. ಅಂಗಳದಲ್ಲೇ ನಿಂತ.

"ಒಳಗ ಬರ್ರಿ ಬೀಗರ, ಚಾ ಕುಡದು ಹೋಗೀರಂತ," ಎಂದರು ಅತ್ತೆ.

"ಇರ್ಲಿ ಬಿಡ್ರಿ, ಆಟೋ ನಿಂತೈತಿ."

ಗಂಡ ನನ್ನ ಚೀಲ ಹೊತ್ತು ಹೊರಗೆ ಬಂದ. ಎಷ್ಟು ತೊಳೆದರೂ ಕಿವಿಯ ಹಿಂದೆ ಬಣ್ಣ ಉಳಿದಿತ್ತು. "ಮಾವಾರ, ನಿನ್ನಿ ತಪ್ಪಾತ್ರಿ," ಎಂದ, ನೆಲ ನೋಡುತ್ತ.

"ನಮ್ಮಾಂವ ಗೆದ್ದಿದ್ರ ನಾನೂ ನಿಮ್ಮ ಬಾಗಿಲಿಗೆ ಬಂದು ಕುಣೀತಿದ್ನೋ ಏನೋ," ಎಂದ ಅಪ್ಪ. "ಕುಣಿದಿದ್ರ ಇವತ್ತು ಇಕಿನ್ನ ನನ್ನ ಕೂಡ ಕಳಸ್ತಿದ್ರೇನು ನೀವು?"

ಕಳಿಸುತ್ತಿದ್ದೆವು ಎಂದು ಅತ್ತೆಯಾಗಲಿ ಗಂಡನಾಗಲಿ ಹೇಳಲಿಲ್ಲ. ಅಪ್ಪ ನನ್ನ ತೋಳು ಹಿಡಿದು ಆಟೋ ಹತ್ತಿಸಿದ.