ಮದರ್‌ಬೋರ್ಡಿನ ಮುಂದೆ ನೀರುಗಂಟಿ

ಕೇಳಿ ಗೆಳೆಯರೆ, ಇವತ್ತು ನನ್ನ ಇಂಜಿನಿಯರಿಂಗ್ ಡಿಗ್ರಿಗೆ ನಮ್ಮೂರು ಉಡಿಗಾಲದ ಬೀದಿಗಳಿಗೆ ನೀರು ಬಿಡುವ ನೀರುಗಂಟಿ ಮಾದಣ್ಣ ಮಂಗಳಾರತಿ ಎತ್ತಿದ.

ಚಾಮರಾಜನಗರದ ಗುಜರಿಯಲ್ಲಿ ಸಿಕ್ಕ, ನನಗಿಂತ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡನ್ನು ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದೆ. ಮೆಮೊರಿಯ ಒಂದು ವಿಳಾಸಕ್ಕೆ ಅಕ್ಷರ ಬರೆದರೆ ಅದು ಇನ್ನೊಂದು ವಿಳಾಸದಲ್ಲೂ ಹೋಗಿ ಕೂರುತ್ತಿತ್ತು. ಮೆಮೊರಿ ಚಿಪ್‌ಗಳನ್ನೆಲ್ಲ ಎರಡೆರಡು ಸಲ ಬದಲಾಯಿಸಿದ್ದೆ. ಆ ದಾರಿಯಲ್ಲಿ ಹೋಗುತ್ತಿದ್ದ ಮಾದಣ್ಣ ಒಳಬಂದು, ಟೀ ಕುಡಿಯುತ್ತ ನನ್ನ ಗೋಳನ್ನೆಲ್ಲ ಕೇಳಿಸಿಕೊಂಡ.

"ಅಲ್ಲ ಕಣ್ಲಾ, ಮೇಗಲ ಬೀದಿಗೆ ಬುಟ್ಟ ನೀರು ಕೆಳಗಲ ಬೀದಿಗೂ ನುಗ್ಗುದ್ರೆ ನೀನು ಮನೆಮನೆ ಬಿಂದ್ಗೆ ಬದ್ಲಾಯ್ಸೀಯಾ? ವಾಲ್ವ್ ನೋಡ್ಬೇಕು ಕಣ್ಲಾ!"

ನಗು ಬಂತು. ಆಮೇಲೆ ನಿಂತೂ ಹೋಯಿತು. ಮೆಮೊರಿ ಚಿಪ್‌ಗಳಿಗೆ ವಿಳಾಸ ತಲುಪಿಸುವ ಇನ್ನೊಂದು ಚಿಪ್ಪನ್ನು ನಾನು ಮುಟ್ಟಿಯೇ ಇರಲಿಲ್ಲ. ಕಿತ್ತು ನೋಡಿದರೆ ಅದರ ಒಂದು ಕಾಲು ಸಾಕೆಟ್ಟಿಗೆ ಇಳಿಯದೆ ಹೊಟ್ಟೆಯಡಿ ಮಡಚಿಕೊಂಡಿದೆ! ನೆಟ್ಟಗೆ ಮಾಡಿ ಕೂರಿಸಿದೆ. ಅಕ್ಷರಗಳು ತಂತಮ್ಮ ಮನೆ ಸೇರಿದವು.

"ಇಷ್ಟೇಯಾ? ಇದ್ಕೆ ಮೂರು ಭಾನ್ವಾರ ಕಳ್ದುಬುಟ್ಯಲ್ಲ" ಎಂದು ಮಾದಣ್ಣ ಮೀಸೆ ಒರೆಸಿಕೊಂಡ.

ಅಷ್ಟರಲ್ಲಿ ನನ್ನ ಹೆಂಡತಿ ಖಾಲಿ ಬಿಂದಿಗೆ ತಂದು ಅವನ ಮುಂದೆ ಕುಕ್ಕಿದಳು. "ನಮ್ ಬೀದಿಗೆ ನೀರು ಬಂದು ನಾಕು ದಿನ ಆಯ್ತು ಮಾದಣ್ಣ. ಆ ವಾಲ್ವ್ ಯಾವಾಗ ನೋಡೀಯಣ್ಣ?"

ಮಾದಣ್ಣ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡ.

"ಅದು ಪೈಪ್‌ಲೈನು ಕಣವ್ವ. ಕಂಪ್ಯೂಟ್ರಷ್ಟು ಸಲೀಸಲ್ಲ."