ತೋಪಿದ್ದಲ್ಲಿ ಈಜುಕೊಳ

“ಇದು ನನ್ನ ಹಡಗು ಲೇ!” ಎನ್ನುತ್ತಾ ದೊಡ್ಡಪ್ಪ ನನ್ನ ಮೊಬೈಲ್ ಕಸಿದುಕೊಂಡರು. ಹಳೆಯ ಯುದ್ಧನೌಕೆಯೊಂದನ್ನು ಶ್ರೀಮಂತನೊಬ್ಬ ಐಷಾರಾಮಿ ವಿಹಾರನೌಕೆ ಮಾಡಿಸಿಕೊಂಡ ವಿಡಿಯೊ ಅದು. ಟಿ.ಬಿ. ಡ್ಯಾಂ ಊರಿನಲ್ಲಿರುವ ದೊಡ್ಡಪ್ಪ ಮೊದಲು ನೌಕಾಪಡೆಯಲ್ಲಿ ಅಡುಗೆಯವರಾಗಿದ್ದರು. ತಮ್ಮ ಹಡಗಿಗೂ ಇದೇ ಯೋಗ ಬಂತೆಂದು ಹೇಳಿದಾಗಲೆಲ್ಲ ಮನೆಮಂದಿ ನಕ್ಕಿದ್ದರಿಂದ ಅವರು ಹೇಳುವುದನ್ನೇ ಬಿಟ್ಟಿದ್ದರು. ಆ ಕಥೆ ಕೇಳಿದ್ದು ನಿಜವೋ ನನ್ನ ಭ್ರಮೆಯೋ ಎಂದು ನನಗೇ ಅನುಮಾನ ಶುರುವಾಗಿತ್ತು.

“ಗುಂಡು ಹಾರಿಸೋ ತೋಪಿದ್ದಲ್ಲಿ ಈಜೋ ಹೊಂಡ ಮಾಡ್ಯಾರ ನೋಡು. ಈ ಮಲಗೋ ಕೋಣಿ ಐತಲ್ಲ, ಇಲ್ಲೇ ನಾ ಚೀಲಗಟ್ಲೆ ಉಳ್ಳಾಗಡ್ಡಿ ಹೆಚ್ಚತಿದ್ದೆ!”

“ಇಲ್ಲಿ ಒಂದರ ಹೆಚ್ಚೀರೇನ್ರಿ?” ಎಂದು ದೊಡ್ಡಮ್ಮ ಉಳ್ಳಾಗಡ್ಡಿ ಬುಟ್ಟಿಯನ್ನೇ ತಂದು ಮುಂದಿಟ್ಟರು.

ಹೆಸರು, ಬಣ್ಣ ಎಲ್ಲ ಬದಲಾದ ಹಡಗನ್ನು ಹೇಗೆ ಗುರುತಿಸಿದಿರಿ ಎಂದು ನಾನು ಕೇಳುವಷ್ಟರಲ್ಲಿ ದೊಡ್ಡಪ್ಪ ಚಾಕು ಹಿಡಿದು ನಿಂತಿದ್ದರು. ನೆಲ ಓಲಾಡುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ, ಸೊಂಟವನ್ನು ಅಡುಗೆಕಟ್ಟೆಗೆ ಒತ್ತಿ, ಒಂದು ಹನಿ ಕಣ್ಣೀರಿಲ್ಲದೆ ಸರಸರ ಹೆಚ್ಚಿದರು.

ಹಡಗು ಅದೇನಾ ಎಂಬ ಅನುಮಾನ ನನಗೆ ಇನ್ನೂ ಇದೆ. ಆದರೆ ಆ ಕಾಲುಗಳು ಸುಳ್ಳು ಹೇಳಲಿಲ್ಲ. ಅಂದು ಆ ಉಳ್ಳಾಗಡ್ಡಿಯ ಬಜಿ ತಿನ್ನುತ್ತಾ ಮನೆಮಂದಿಯೆಲ್ಲ ಅದೇ ಕಥೆಯನ್ನು ಮತ್ತೊಮ್ಮೆ ಹೇಳಿಸಿಕೊಂಡು ಕೇಳಿದರು.